ಎದುರುಬದುರು ಬಾಗಿಲು

ಶ್ಯಾಮಸುಂದರರ ಪಾಲಿಗೆ ಪರಂಪರೆ ಎಂದರೆ ಮದುವೆ ಮಂಟಪದ ಥರ್ಮಕೋಲ್ ಕಂಬ. ಗೋಡೆಗೆ ಮಣ್ಣಿನ ಬಣ್ಣ ಬಳಿದು, ಮೇಲೆ ಹಲ್ಲಿನ ಸಾಲಿನಂಥ ನಾಲ್ಕು ಕೋಟೆತೆನೆ ಕೂರಿಸಿದರೆ ಮುಗಿಯಿತು, ಒಮಾನಿನ ಹಳೇ ಊರು ತಯಾರು! ಮರುಭೂಮಿಯಲ್ಲಿ ಏಳಲಿದ್ದ ಇನ್ನೂರು ಮನೆಗಳ ಹೊಸ ಊರನ್ನು ಸಾಂಪ್ರದಾಯಿಕವಾಗಿ ರೂಪಿಸಲು ರೂವಿ ಪೇಟೆಯ ಒಂದು ವಾಸ್ತುಶಿಲ್ಪ ಕಚೇರಿಗೆ ಇಂಥ ಪಂಡಿತರೇ ಸಿಕ್ಕಿದ್ದರು.

ಅವರ ಕೈಕೆಳಗೆ ನಕ್ಷೆ ಬರೆಯುವವನು ಗದಗಿನ ಬಸವಂತ. ಹದಿನಾಲ್ಕು ವರ್ಷದಿಂದ ಶುಕ್ರವಾರ ಬಂತೆಂದರೆ ನಿಜ್ವಾ ಕಡೆ ಕಾರು ಓಡಿಸಿಕೊಂಡು ಹೋಗಿ, ಹಳೇ ಮಣ್ಣಿನ ಮನೆಗಳ ಓಣಿಗಳಲ್ಲಿ ಟೇಪು ಹಿಡಿದು ಅಡ್ಡಾಡಿದವನು. "ಮಂದಿ ಎಲ್ಲಾ ಶಾಪಿಂಗ್ ಮಾಲ್‌ಗೆ ಹೋಗ್ತಾರ, ನಮ್ಮವರು ಗ್ವಾಡಿ ಅಳೀಲಿಕ್ಕೆ ಹೋಗ್ತಾರ," ಎಂದು ಹೆಂಡತಿ ತ್ರಿವೇಣಿ ಹಂಗಿಸುತ್ತಿದ್ದಳು. ಓಣಿ ಯಾಕೆ ಇಕ್ಕಟ್ಟು, ಯಾವ ಹೊತ್ತಿಗೆ ಯಾವ ಗೋಡೆಯ ನೆರಳು ಎಲ್ಲಿ ಬೀಳುತ್ತದೆ, ಎಲ್ಲ ಅವನಿಗೆ ಬಾಯಿಪಾಠ. ಒಬ್ಬರ ಬಾಗಿಲು ಇನ್ನೊಬ್ಬರ ಬಾಗಿಲಿಗೆ ಎದುರಾಗಬಾರದು, ಮನೆಯ ಹೆಂಗಸರು ಎದುರು ಮನೆಗೆ ಕಾಣಬಾರದು ಎಂಬುದು ಆ ಓಣಿಗಳಲ್ಲಿ ಅವನು ಕಲಿತ ಮೊದಲ ಪಾಠ.

ಶ್ಯಾಮಸುಂದರರೋ ಕಂಪ್ಯೂಟರಿನಲ್ಲಿ ಒಂದು ಸಾಲು ಮನೆಗಳನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಎದುರು ಸಾಲಿಗೆ ಅಂಟಿಸಿದ್ದರು. ಇನ್ನೂರು ಬಾಗಿಲೂ ಮುಖಾಮುಖಿ.

"ಸರ್, ಬಾಗಲಾ ಎದುರುಬದುರು ಬಂದಾವ್ರಿ. ಇಲ್ಲಿ ಮಂದಿ ಹಿಂಗ ಇಡಂಗಿಲ್ಲ. ಒಂದೂವರೆ ಮೀಟರ್ ಸರಿಸಿದ್ರ ಸಾಕು," ಎಂದ ಬಸವಂತ.

"ಕೆತ್ತನೆ ಬಾಗಿಲು ಎರಡೂ ಕಡೆ ಸಾಲಾಗಿ ಕಾಣ್ಬೇಕು ಕಣಯ್ಯಾ, ಫೋಟೋ ಚೆನ್ನಾಗಿ ಬರುತ್ತೆ. ನಿನ್ ವೀಸಾ ರಿನ್ಯೂವಲ್ ಮುಂದಿನ ತಿಂಗಳಲ್ವಾ? ಖಲಾಸ್, ಕಳಿಸು."

ಮಗಳು ಇಂಡಿಯನ್ ಸ್ಕೂಲಿನಲ್ಲಿ ಹತ್ತನೇ ಕ್ಲಾಸು. ಈ ವರ್ಷ ಕೆಲಸ ಹೋದರೆ ಅವಳ ಓದೂ ನಡುವೆಯೇ ನಿಲ್ಲುತ್ತದೆ. ಬಸವಂತ ಮನಸ್ಸಿನಲ್ಲೇ ಆ ಮನುಷ್ಯನ ಜನ್ಮ ಜಾಲಾಡಿ, ನಕ್ಷೆ ಕಳಿಸಿದ.

ಮುಂದಿನ ವಾರ ಊರು ಕಟ್ಟಿಸುವವರ ಕಡೆಯಿಂದ ಒಮಾನಿ ಎಂಜಿನಿಯರಮ್ಮ ಒಬ್ಬರು ಮೇಜಿನ ಮೇಲಿಟ್ಟ ಊರಿನ ಪುಟ್ಟ ಮಾದರಿ ನೋಡಲು ಬಂದರು. ಬಗ್ಗಿ ಓಣಿಯೊಳಗೆ ಇಣುಕಿದರು. ಮುಖ ಬಿಗಿಯಿತು.

"ಇದನ್ನು ಮಾಡಿದ್ದು ಯಾರು?"

ಎಂದೂ ಯಾರಿಗೂ ಏನೂ ಬಿಟ್ಟುಕೊಡದ ಶ್ಯಾಮಸುಂದರರು ಅವತ್ತು ಧಾರಾಳಿಯಾದರು. "ನಮ್ಮ ಬಸವಂತ, ಮೇಡಂ. ಪೂರ್ತಿ ಅವನದೇ ಡಿಸೈನ್."

ಆಕೆ ಬಸವಂತನ ಕಡೆ ತಿರುಗಿದರು. "ನಮ್ಮ ಹಳೇ ಓಣಿಗಳಲ್ಲಿ ಒಂದು ಸಲವಾದರೂ ನಡೆದಿದ್ದೀರಾ?"

ಹೌದು ಎಂದರೆ ಬಾಗಿಲ ಮಾತು ಬರುತ್ತದೆ, ಬಾಗಿಲ ಮಾತು ಬಂದರೆ ಶ್ಯಾಮಸುಂದರರ ಹೆಸರು ಬರುತ್ತದೆ, ಆ ಹೆಸರು ಬಂದರೆ ವೀಸಾ ಹೋಗುತ್ತದೆ. ಎದುರಿಗೆ ಆ ಮನುಷ್ಯ ಗಡಿಯಾರದ ಪಟ್ಟಿ ಸರಿಮಾಡಿಕೊಳ್ಳುತ್ತ ನಿಂತಿದ್ದ. ಥೂ, ಗೊತ್ತಿದ್ದೂ ಕಳಿಸಿದ ಮೇಲೆ ಇವನಿಗೂ ನನಗೂ ಏನು ಫರಕು ಎನ್ನಿಸಿತು ಬಸವಂತನಿಗೆ.

"ಇಲ್ಲ ಮೇಡಂ," ಎಂದ.

"ಗೊತ್ತಾಗುತ್ತಿದೆ," ಎಂದು ಆಕೆ ಪೆನ್ನಿನ ಮುಚ್ಚಳ ಹಾಕಿದರು.