ಕೊನೆಯ ಒಕ್ಕಣೆ ಯಂತ್ರ

ಶಿಕಾರಿಪುರದ ನಮ್ಮ ಕಾರ್ಖಾನೆಯಲ್ಲಿ ಭತ್ತ ಒಕ್ಕುವ ಯಂತ್ರಗಳು ತಯಾರಾಗುತ್ತಿದ್ದವು. ನಾನು ಅಲ್ಲಿ ವೆಲ್ಡರ್. ಸೊರಬದಿಂದ ಬೆಳಗಿನ ಬಸ್ಸಿಗೆ ಹೋಗಿ ಸಂಜೆ ಬಸ್ಸಿಗೆ ಬರುತ್ತಿದ್ದೆ. ನನ್ನ ಮದುವೆಗೂ ಮೊದಲು ಹಿಡಿದ ಕೆಲಸ, ಮಗಳ ಮದುವೆಯವರೆಗೂ ನಡೆಯಿತು. ಆಮೇಲೆ ಕಟಾವು, ಒಕ್ಕಣೆ ಎರಡನ್ನೂ ಒಟ್ಟಿಗೇ ಮುಗಿಸುವ ದೊಡ್ಡ ಯಂತ್ರಗಳು ಬಾಡಿಗೆಗೆ ಬರತೊಡಗಿದವು. ನಮ್ಮದನ್ನು ಕೇಳುವವರು ಕಡಿಮೆಯಾದರು. ಒಂದು ಶನಿವಾರ ಸಾಹುಕಾರರು ಎಲ್ಲರನ್ನೂ ಶೆಡ್ಡಿಗೆ ಕರೆದು, "ನನ್ನ ಕೈಲಿ ಇನ್ನು ಆಗಲ್ರಪ್ಪ" ಎಂದರು. ಅವರ ತಂದೆ ಕಟ್ಟಿದ ಕಾರ್ಖಾನೆ ಅದು. ಯಾರೂ ಕೂಗಾಡಲಿಲ್ಲ. ಕೂಗಾಡುವ ವಯಸ್ಸಿನವರು ಅಷ್ಟರಲ್ಲೇ ಬೇರೆ ಕೆಲಸ ನೋಡಿಕೊಂಡಿದ್ದರು.

ಸೋಮವಾರ ನನ್ನ ಸಾಮಾನು ತರಲು ಹೋದಾಗ ಗೇಟಿನ ಬಳಿ ಹೊಸಬಾಳೆಯ ರೈತರೊಬ್ಬರು ನಿಂತಿದ್ದರು. ಅವರು ಹೇಳಿ ಮಾಡಿಸುತ್ತಿದ್ದ ಯಂತ್ರ ಒಳಗೆ ಅರ್ಧಕ್ಕೇ ನಿಂತಿತ್ತು.

"ನಮ್ದು ಕೆಸರು ಗದ್ದೆ ಕಣ್ರೀ. ಆ ದೊಡ್ಡ ಮಷಿನ್ನು ಹೂತು ಹೋಗ್ತದೆ. ಭತ್ತ ಕೊಯ್ದು ಹಾಕೀನಿ, ಈಗ ಏನ್ ಮಾಡ್ಲಿ?"

ಶಿಕಾರಿಪುರದವರೇ ಆದ ನಮ್ಮ ಹಿರಿಯ ಫಿಟ್ಟರ್ ಕೂಡ ಅದೇ ಹೊತ್ತಿಗೆ ಬಂದಿದ್ದರು. ಎಲ್ಲ ಕೇಳಿಸಿಕೊಂಡು, "ಮುಗ್ಸಿ ಕೊಟ್ಬಿಡೂಣು ಬಾ ತಮ್ಮ" ಎಂದರು.

"ಕಾರ್ಖಾನೆನೇ ಮುಚ್ಚೈತಲ್ಲಣ್ಣ?"

"ಮುಚ್ಚಿದ್ದು ನಮಗ. ಅವರ ಕಣದಾಗ ಭತ್ತ ಬಿದ್ದೈತಿ."

ಸಾಹುಕಾರರು ಬೇಡವೆನ್ನಲಿಲ್ಲ. ಆಫೀಸಿನ ಬಾಗಿಲು ತೆರೆದಿಟ್ಟು ಕೂತಿದ್ದರು. ನಾನು ಚೌಕಟ್ಟು ಬೆಸೆದೆ, ಫಿಟ್ಟರಣ್ಣ ಡ್ರಮ್ಮು ಕೂರಿಸಿದರು. ಅವರು ಕೆಲಸದ ನಡುವೆ ಬಗ್ಗಿ ಬಗ್ಗಿ ಕೆಮ್ಮುತ್ತಿದ್ದರು. ಅಷ್ಟು ವರ್ಷ ಪಕ್ಕದಲ್ಲೇ ನಿಂತು ದುಡಿದರೂ ಯಂತ್ರಗಳ ಗದ್ದಲದಲ್ಲಿ ಆ ಕೆಮ್ಮು ನನಗೆ ಕೇಳಿಸಿಯೇ ಇರಲಿಲ್ಲ.

ಮರುದಿನ ಮಧ್ಯಾಹ್ನ ಯಂತ್ರ ಟ್ರ್ಯಾಕ್ಟರಿನ ಹಿಂದೆ ಹೊರಟಿತು. ಬಣ್ಣ ಬಳಿಯಲು ಆಗಿರಲಿಲ್ಲ. ರೈತರು ಕೈ ಮುಗಿದರು. ಫಿಟ್ಟರಣ್ಣ ನಲ್ಲಿಯ ಕೆಳಗೆ ಬಹಳ ಹೊತ್ತು ಕೈ ತೊಳೆಯುತ್ತ ನಿಂತಿದ್ದು, "ಸಾಕಾತು ತಮ್ಮ" ಎಂದರು. ಅಷ್ಟೇ.

ಈಗ ಅವರು ಒಂದು ಕಲ್ಯಾಣ ಮಂಟಪದಲ್ಲಿ ಕಾವಲಿಗಿದ್ದಾರೆ. ನಾನು ಸೊರಬದ ಬಸ್ ಸ್ಟ್ಯಾಂಡಿನ ಹಿಂದೆ ಒಂದು ವೆಲ್ಡಿಂಗ್ ಅಂಗಡಿಯಲ್ಲಿ ಕಿಟಕಿಯ ಗ್ರಿಲ್ಲು ಬೆಸೆಯುತ್ತೇನೆ. ಮನೆ ಹತ್ತಿರ, ಮಧ್ಯಾಹ್ನ ಬಿಸಿ ಊಟ. ಆದರೂ ಮೊದಲಿಗಿಂತ ಬೇಗ ದಣಿಯುತ್ತೇನೆ. ಅಂಗಡಿಯ ಮಾಲೀಕ ನನ್ನ ಮಗಳಿಗಿಂತ ಚಿಕ್ಕವನು. ಒಳ್ಳೆಯವನೇ, "ಸ್ವಲ್ಪ ಕೂತ್ಕಳಿ ಮಾವ" ಎನ್ನುತ್ತಾನೆ. ಕೂತರೆ ಮತ್ತೆ ಏಳುವುದೇ ಕಷ್ಟ. ಅದಕ್ಕೇ ನಿಂತೇ ಇರುತ್ತೇನೆ.