ಎಡಬಲದವರು ಮೇಲೆ ಕೆಳಗಾದ ದಿನ

ನನ್ನ ತಂಗಿಯ ಲಗ್ನ ಮುರಿಯುವ ಹಂತಕ್ಕೆ ಹೋದದ್ದು ವರದಕ್ಷಿಣೆಗಲ್ಲ, ಜಾತಕಕ್ಕೂ ಅಲ್ಲ, ಮೊಬೈಲಿನ ಅಗಲಕ್ಕೆ. ಹೇಳಿದರೆ ಜನ ನಗುತ್ತಾರೆ. ಆ ದಿನ ನಮ್ಮ ಮನೆಯಲ್ಲಿ ಯಾರೂ ನಗಲಿಲ್ಲ.

ಬೀದರಿನ ನಮ್ಮ ಮನೆಯಲ್ಲೇ ಕುಳಿತು ನಾನು ಅಂಗಡಿಗಳಿಗೆ, ಕಾಲೇಜುಗಳಿಗೆ ವೆಬ್ ಪುಟ ಕಟ್ಟಿಕೊಡುತ್ತೇನೆ. ತಂಗಿಗೆ ಔರಾದಿನ ಹುಡುಗ ನಿಶ್ಚಯವಾಗಿ, ಭಾಲ್ಕಿಯಲ್ಲಿ ಕಲ್ಯಾಣ ಮಂಟಪವನ್ನೂ ಹಿಡಿದಾಗಿತ್ತು. ನಮ್ಮಲ್ಲಿ ಎರಡೂ ಮನೆಯವರು ಬೇರೆ ಬೇರೆ ಲಗ್ನಪತ್ರಿಕೆ ಹಾಕಿಸುತ್ತಾರೆ. ಅವರವರ ಪತ್ರಿಕೆಯಲ್ಲಿ ಅವರವರೇ ದೊಡ್ಡವರು, ಜಗಳಕ್ಕೆ ಜಾಗವಿಲ್ಲ. ಆದರೆ ಈ ಹುಡುಗ ಹುಡುಗಿ ಮೊಬೈಲಿನಲ್ಲಿ ತೆರೆಯುವ ಒಂದೇ ಪತ್ರಿಕೆ ಸಾಕು ಎಂದರು. ಕೆಲಸ ನನ್ನ ಕೊರಳಿಗೆ ಬಿತ್ತು. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದವರು ಮದುವೆಯ ವೆಬ್ ಪುಟ ಕಟ್ಟಿ ನೋಡಿರಲಿಲ್ಲ.

ಮಂಟಪದಲ್ಲಿ ವಧು ಎಡಕ್ಕೆ, ವರ ಬಲಕ್ಕೆ. ಹಾಗೆಯೇ ಎಡಗಡೆಯ ಕಾಲಮ್ಮಿನಲ್ಲಿ ಕನ್ನಡದಲ್ಲಿ ನಮ್ಮ ಹಿರಿಯರ ಹೆಸರು, ಬಲಗಡೆಯದರಲ್ಲಿ ಗಂಡಿನವರ ಮನೆಮಾತಾದ ಮರಾಠಿಯಲ್ಲಿ ಅವರ ಹಿರಿಯರ ಹೆಸರು ಹಾಕಿದೆ. ಅವೆಲ್ಲ ಮುಗಿದ ಮೇಲೆ ವಧೂವರರು, ಮುಹೂರ್ತ. ಹುಡುಗನಿಗೆ ತಂದೆ ಇಲ್ಲ, ಕಾಕಾನೇ, ಅಂದರೆ ಚಿಕ್ಕಪ್ಪನೇ, ಯಜಮಾನರು. ಅವರು ಬಂದು ನನ್ನ ಲ್ಯಾಪ್‌ಟಾಪಿನಲ್ಲಿ ನೋಡಿ, "ಬರಾಬರ್ ಅದ" ಎಂದು ಒಪ್ಪಿ ಹೋಗಿದ್ದರು.

ಪುಟ ಹೇಗೆ ಕಾಣಬೇಕೆಂದು ಹೇಳುವುದು ಸಿಎಸ್‌ಎಸ್. ಅದರಲ್ಲಿ ನಾನು ಎಲ್ಲರೂ ಬರೆಯುವ ನಿಯಮವನ್ನೇ ಬರೆದಿದ್ದೆ: ತೆರೆ ಕಿರಿದಾದರೆ ಕಾಲಮ್ಮುಗಳು ಅಕ್ಕಪಕ್ಕ ನಿಲ್ಲದೆ ಒಂದರ ಕೆಳಗೊಂದು ಬರಲಿ. ಎಡಗಡೆಯದು ಮೊದಲು, ಬಲಗಡೆಯದು ಅದರ ಕೆಳಗೆ. ಇಂದಿಗೂ ಹಾಗೇ ಬರೆಯುತ್ತೇನೆ. ಲಿಂಕ್ ಔರಾದಿಗೆ ಕಳಿಸಿದೆ. ಮರುದಿನ ಬೆಳಗ್ಗೆ ಕಾಕಾ ನಮ್ಮ ಬಾಗಿಲಲ್ಲಿದ್ದರು.

"ಹೆಣ್ಣಿನವರು ಮ್ಯಾಲ, ಗಂಡಿನವರು ಕೆಳಗ? ಇದು ಯಾವ ಊರಿನ ರೀತಿರಿ?" ಎಂದು ಮೊಬೈಲನ್ನು ಅಪ್ಪನ ಮುಖಕ್ಕೇ ಹಿಡಿದರು. "ಸತ್ತ ನಮ್ಮ ಅಣ್ಣನ ಹೆಸರು ಹುಡುಕಲಿಕ್ಕ ಬೆರಳು ಸವೀತು. ನಮ್ಮ ಇಜ್ಜತ್ ಏನ್ ಉಳೀತು?"

"ಕಾಕಾ, ಸ್ಕ್ರೀನ್ ಸಣ್ಣದಿದ್ರ ಹಂಗೇ ಬರ್ತದ್ರಿ. ಲ್ಯಾಪ್‌ಟಾಪಿನಾಗ ಬಾಜೂಬಾಜೂಕ ಅದಾವ," ಎಂದೆ.

"ನಮ್ಮ ಮಂದಿ ಲ್ಯಾಪ್‌ಟಾಪ್ ಹೊತ್ಕೊಂಡು ತಿರಗ್ತಾರೇನವ್ವಾ? ಅವರು ನೋಡೂದೇ ಇದರಾಗ."

ಮಾತು ಸರಿಯಾಗಿತ್ತು. ಅದಕ್ಕೇ ನನಗೆ ಇನ್ನಷ್ಟು ಸಿಟ್ಟು ಬಂತು. ಎಲ್ಲರ ಮುಂದೆಯೇ ಲ್ಯಾಪ್‌ಟಾಪ್ ತೆರೆದು ಕುಳಿತೆ. ಮೊದಲು ಅವರ ಹೆಸರುಗಳನ್ನು ಮೇಲಕ್ಕೆ ತಂದೆ. ಅಪ್ಪ ನನ್ನ ಹೆಗಲ ಮೇಲಿಂದ ಬಗ್ಗಿ, "ಅಲ್ಲ, ನಮ್ಮ ಅಪ್ಪನ ಹೆಸರು ಈಗ ಕೆಳಗ ಹೋಯ್ತಲ್ಲ?" ಎಂದರು. ಅಪ್ಪನಿಗೂ ಅದೇ ರೋಗ! ಸರಿ, ಎಷ್ಟೇ ಸಣ್ಣ ತೆರೆಯಾದರೂ ಇಬ್ಬರೂ ಅಕ್ಕಪಕ್ಕವೇ ಇರಲಿ ಎಂದು ಬದಲಿಸಿದೆ. ಕಾಕಾ ಕಣ್ಣು ಮಂದವೆಂದು ಮೊಬೈಲಿನ ಅಕ್ಷರ ದಪ್ಪ ಮಾಡಿಟ್ಟುಕೊಂಡಿದ್ದರು. ಆ ಇಕ್ಕಟ್ಟಿನಲ್ಲಿ ಹೆಸರುಗಳು ನಡುವೆಯೇ ಮುರಿದು ಮುಂದಿನ ಸಾಲಿಗೆ ಬಿದ್ದವು.

"ಈಗ ಅಣ್ಣನ ಹೆಸರು ತುಂಡ್ ತುಂಡ್ ಮಾಡಿದಿ," ಎಂದರು. ದನಿ ತಗ್ಗಿತ್ತು, ಅದೇ ಹೆಚ್ಚು ಭಯ ಹುಟ್ಟಿಸಿತು. "ಬಿಡ್ರಿ. ಲಗ್ನದ ಮಾತು ಇಲ್ಲಿಗೇ ಬಿಡೂಣು."

ಅಮ್ಮ ಗೋಡೆಗೆ ಒರಗಿದಳು. ಆಗ ಒಳಗಿನಿಂದ ತಂಗಿ ಬಂದಳು. ಕಾಕಾನ ಕೈಯಿಂದ ಮೊಬೈಲು ತೆಗೆದುಕೊಂಡು ಬೆರಳಿನಿಂದ ಸರಿಸುತ್ತಾ ಹೋದಳು. ಅಜ್ಜಂದಿರು, ದೊಡ್ಡಪ್ಪಂದಿರು, ಅತ್ತೆ ಮಾವಂದಿರು ಎಲ್ಲ ದಾಟಿಹೋದರು.

"ಇದರಾಗ ನನ್ನ ಹೆಸರು ಎಲ್ಲಿ ಅದರಿ?" ಎಂದಳು. "ಯಾರ ಹೆಸರು ಮ್ಯಾಲ ಬೇಕೋ ಅವರದೇ ಲಗ್ನ ಮಾಡ್ರಿ. ನಾ ಬಂದು ಅಕ್ಷತಾ ಹಾಕ್ತೇನಿ."

ಕಾಕಾ ಮೊಬೈಲು ಕಸಿದುಕೊಂಡು ಚಪ್ಪಲಿ ಮೆಟ್ಟಿ ಹೊರಟೇಬಿಟ್ಟರು. ಅಪ್ಪ "ಬೀಗರ, ಬೀಗರ" ಎನ್ನುತ್ತ ಅಂಗಳದವರೆಗೆ ಹೋಗಿ ನಿಂತರು. ನಾನು ಮಾತ್ರ ಕೀಲಿಮಣೆ ಬಿಡಲಿಲ್ಲ. ಹುಡುಗ ಹುಡುಗಿಯ ಹೆಸರನ್ನು ಎಲ್ಲಕ್ಕಿಂತ ಮೇಲೆ, ದೊಡ್ಡದಾಗಿ ತಂದೆ. ಹಿರಿಯರನ್ನೆಲ್ಲ ಅದರ ಕೆಳಗೆ ಅಕ್ಕಪಕ್ಕ ಇಟ್ಟು, ಹೆಸರು ಮುರಿಯದಷ್ಟು ಅಕ್ಷರ ಸಣ್ಣ ಮಾಡಿದೆ. ಓಡಿದೆ. ಅವರು ಓಣಿಯ ಮೂಲೆಯಲ್ಲಿ ಆಟೋ ನಿಲ್ಲಿಸಿದ್ದರು.

"ಕಾಕಾ, ಒಮ್ಮೆ ತೆರೀರಿ. ಆಮ್ಯಾಲ ಬೇಕಾದ್ರ ಹೋಗ್ರಿ."

ತೆರೆದರು. ಮೇಲಿದ್ದ ಎರಡು ಹೆಸರುಗಳನ್ನು ಬಹಳ ಹೊತ್ತು ನೋಡಿದರು. ಆಟೋದವನು ಹಾರ್ನ್ ಹೊಡೆದ. ಆಮೇಲೆ ಕೆಳಗೆ ಸರಿಸಿ, ಎರಡು ಬೆರಳಿನಿಂದ ತೆರೆ ಹಿಗ್ಗಿಸಿ ಅಣ್ಣನ ಹೆಸರು ಹುಡುಕಿದರು.

"ಭಾಳ ಸಣ್ಣದಾಗ್ಯದ."

"ಎಲ್ಲಾರದೂ ಸಣ್ಣದೇ ಅದರಿ."

ಅವರು ನನ್ನ ಮುಖ ನೋಡಲಿಲ್ಲ. ಅಲ್ಲೇ ನಿಂತು ಹೆಬ್ಬೆರಳಿನಿಂದ ಏನೋ ಒತ್ತಿದರು. "ನಮ್ಮ ಮಂದಿಗೆಲ್ಲ ಕಳಸೀನಿ. ಇನ್ನ ಇದನ್ನ ಮುಟ್ಟಬ್ಯಾಡ," ಎಂದು ಆಟೋ ಹತ್ತಿದರು.

ಮನೆಗೆ ಬಂದು ಹೇಳಿದಾಗ ಅಮ್ಮ ಅಲ್ಲೇ ಕುಸಿದು ಕುಳಿತು ಅತ್ತಳು. ತಂಗಿಯ ಬೆನ್ನು ತಟ್ಟಬೇಕೆಂದು ಒಳಗೆ ಹೋದೆ. ಅಷ್ಟು ಮಂದಿಯ ಮುಂದೆ ಗಂಡೆದೆಯಿಂದ ಮಾತಾಡಿದವಳು ಮಂಚದ ಅಂಚಿನಲ್ಲಿ ಮುದುಡಿ ಕುಳಿತಿದ್ದಳು.

"ಅಕ್ಕಾ, ಅವರು ಖರೇನ ಲಗ್ನ ಮುರದು ಹೋಗಿಬಿಟ್ಟಿದ್ರ ನಾ ಏನ್ ಮಾಡ್ತಿದ್ನೆ?" ಎಂದಳು.

ಆ ಹುಡುಗ ಅವಳಿಗೆ ಅಷ್ಟು ಬೇಕಾಗಿದ್ದಾನೆಂದು ನಮಗ್ಯಾರಿಗೂ ಗೊತ್ತೇ ಇರಲಿಲ್ಲ.