ಆಪಾಳ ಸಾಲು

ಇವತ್ತು ಮಂಡಿಮೊಹಲ್ಲಾದಲ್ಲಿ ಮದರಸದ ಮಕ್ಕಳು ಕುರ್‌ಆನ್ ಬಾಯಿಪಾಠ ಮಾಡುವ ದನಿ ಕೇಳಿ ನಿಂತುಬಿಟ್ಟೆ.

ನಮ್ಮ ಕಾಲದಲ್ಲಿ ಓದಿಸುವ ಹಜ್ರತ್ತರು ಮಕ್ಕಳನ್ನು ಜೋಡಿಯಾಗಿ ಕೂರಿಸುತ್ತಿದ್ದರು. ಒಬ್ಬರು ಒಂದು ಸಾಲು ಹೇಳಿದರೆ ಮುಂದಿನದು ಇನ್ನೊಬ್ಬರದು. ನನ್ನ ಜೋಡಿ ನನ್ನಕ್ಕ, ಆಪಾ. ನಾನು ತಡವರಿಸಿದರೆ ಮೊಣಕಾಲಿನಿಂದ ಮೆಲ್ಲಗೆ ತಿವಿಯುತ್ತಿದ್ದಳು.

ಆಪಾ ಜ್ವರದಲ್ಲಿ ತೀರಿಕೊಂಡ ಮೇಲೆ ಚಾಪೆಯ ಮೇಲೆ ಒಬ್ಬಳೇ ಕೂತೆ. ನನ್ನ ಸಾಲು ಹೇಳಿ ಸುಮ್ಮನಾದೆ.

"ಮುಂದಕ್ಕೆ ಹೇಳಮ್ಮ."

"ಅದು ಆಪಾದು, ಹಜ್ರತ್."

ಅವರು ಬೆತ್ತ ಪಕ್ಕಕ್ಕಿಟ್ಟು ಅವಳ ಜಾಗದಲ್ಲಿ ಬಂದು ಕೂತರು. ಅವಳ ಸಾಲನ್ನು ತಾವೇ ಹೇಳತೊಡಗಿದರು. ಅರ್ಧಕ್ಕೇ ನಿಲ್ಲಿಸಿ ಎದ್ದುಬಿಟ್ಟರು.

"ಇವತ್ತಿಗೆ ಸಾಕು, ಮನೆಗೆ ಹೋಗ್ಬುಡಮ್ಮ."

ನಾನೀಗ ಎಂಬತ್ತು ದಾಟಿದ ಮುದುಕಿ. ನಮಾಜಿನಲ್ಲಿ ಇಂದಿಗೂ ಒಂದು ಸಾಲು ಹೇಳಿ ಚೂರು ಕಾಯುತ್ತೇನೆ. ಆಮೇಲೆ ಅವಳದನ್ನೂ ನಾನೇ ಹೇಳುತ್ತೇನೆ.